ಕೇಳಿದ್ದನ್ನು ಅಂದೇ ಬರೆ, ನಿನ್ನದೇ ಜಾಗದಲ್ಲಿ ಬರೆ

ಪುಟ್ಟಿ,

ಸ್ವಂತದ್ದೊಂದು ಬ್ಲಾಗ್ ಶುರು ಮಾಡಲಾ ಮಾವ ಅಂತ ಕೇಳಿದ್ದೀಯ. ಮುಂದಿನ ತಿಂಗಳು ಆಫೀಸಿನವರು ವೆಬ್ ಡಿಸೈನ್ ಕಾನ್ಫರೆನ್ಸಿಗೆ ಕಳಿಸುತ್ತಿದ್ದಾರೆ, ಅಲ್ಲಿ ಟಾಕ್ ನಡೆಯುತ್ತಿರುವಾಗಲೇ ಬರೆದು ಹಾಕುವ ಲೈವ್‌ಬ್ಲಾಗಿಂಗ್ ನನ್ನಂಥ ಹೊಸಬಳಿಗೆ ಸರಿಹೋಗುತ್ತದಾ ಅಂತಲೂ ಕೇಳಿದ್ದೀಯ. ಎರಡಕ್ಕೂ ಹೌದು ಅನ್ನುತ್ತೇನೆ. ಬರೀ ಹೌದು ಅಂದರೆ ನಿನಗೆ ಪ್ರಯೋಜನವಿಲ್ಲ, ಹಾಗಾಗಿ ನಾಲ್ಕು ಮಾತು ಬಿಡಿಸಿ ಹೇಳುತ್ತೇನೆ. ಬೇಕಾದ್ದು ತಗೋ, ಬೇಡದ್ದು ಬಿಡು.

ಲಾಭದ ಮಾತನ್ನು ಮೊದಲೇ ಮುಗಿಸಿಬಿಡೋಣ. ಬ್ಲಾಗಿನಿಂದ ದುಡ್ಡು ಬರುತ್ತದೆ ಅಂದುಕೊಳ್ಳಬೇಡ. ಹೆಸರು ಬಂದರೂ ನಿಧಾನಕ್ಕೆ ಬರುತ್ತದೆ. ಖಂಡಿತವಾಗಿ ಸಿಗುವುದು ಕೇಳುವ ಶಿಸ್ತು. ಸುಮ್ಮನೆ ಕುರ್ಚಿಗೆ ಒರಗಿ ಕೂತವರಿಗೆ ಎಲ್ಲ ಟಾಕ್‌ಗಳೂ ಚೆನ್ನಾಗಿಯೇ ಇರುತ್ತವೆ. ಸಂಜೆ ಕಾಫಿ ಹೊತ್ತಿಗೆ ಏನು ಹೇಳಿದರು ಅಂತ ಕೇಳಿ ನೋಡು, ಎರಡು ಜೋಕು, ಒಂದು ಸ್ಲೈಡು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಬರೆಯಬೇಕು ಅಂತ ಕೂತವಳ ಕಥೆ ಬೇರೆ. ಈ ಮಾತಿಗೂ ಹಿಂದಿನದಕ್ಕೂ ಏನು ಸಂಬಂಧ, ಇದು ಅವರ ಅನುಭವವೋ ಬರೀ ಅಭಿಪ್ರಾಯವೋ, ಈ ಅಂಕಿ ಎಲ್ಲಿಂದ ಬಂತು ಅಂತ ಕೈ ಬರೆಯುತ್ತಿದ್ದ ಹಾಗೇ ತಲೆ ಪ್ರಶ್ನೆ ಹಾಕುತ್ತಿರುತ್ತದೆ. ಅರ್ಥವಾಗದ್ದನ್ನು ನಮ್ಮ ಮಾತಿನಲ್ಲಿ ಬರೆಯಲು ಬರುವುದಿಲ್ಲ. ಆದ್ದರಿಂದ ಎಲ್ಲಿ ತಿಳಿದಿಲ್ಲ ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ. ಯಾರೂ ಓದದಿದ್ದರೂ ಇಷ್ಟು ಲಾಭ ನಿನ್ನದೇ.

ನಮ್ಮ ಕಸುಬು ಬೆಳೆದದ್ದೂ ಹೀಗೆ ಬರೆದಿಟ್ಟವರಿಂದಲೇ. ನಾವು ಶುರು ಮಾಡಿದ ಕಾಲದಲ್ಲಿ ಇದನ್ನು ಕಲಿಸುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಪುಟ ಕಟ್ಟಬೇಕೆಂದರೆ ಟೇಬಲ್ ಒಳಗೆ ಟೇಬಲ್ ಇಟ್ಟು, ಅದರೊಳಗೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ಲಿನ ಗಿಫ್ ಚಿತ್ರ ತುರುಕಿ ಜಾಗ ಬಿಡಿಸುತ್ತಿದ್ದೆವು. ಅದಲ್ಲ ದಾರಿ ಅಂತ ತೋರಿಸಿದ್ದು ದೂರದಲ್ಲಿ ಕೂತು ತಂತಮ್ಮ ಸೈಟಿನಲ್ಲಿ ಬರೆಯುತ್ತಿದ್ದ ಜನ. ನ್ಯೂಯಾರ್ಕಿನ ಜೆಫ್ರಿ ಜೆಲ್ಡ್‌ಮನ್ 1995ರಿಂದ ತಮ್ಮ ಸ್ವಂತ ಸೈಟು ನಡೆಸಿಕೊಂಡು ಬಂದವರು. ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯನ್ನು 1998ರಲ್ಲಿ ವೆಬ್ಬಿಗೆ ತಂದವರೂ ಅವರೇ. ಕೆನಡಾದ ಡೇವ್ ಶೇ 2003ರಲ್ಲಿ ‘ಸಿಎಸ್‌ಎಸ್ ಜೆನ್ ಗಾರ್ಡನ್’ ತೆರೆದರು. ಎಚ್‌ಟಿಎಂಎಲ್ ಒಂದೇ, ಅದಕ್ಕೆ ಯಾರು ಬೇಕಾದರೂ ತಮ್ಮ ಸಿಎಸ್‌ಎಸ್ ತೊಡಿಸಿ ಬೇರೆಯದೇ ರೂಪ ಕೊಡಬಹುದು. ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತು ಅದರ ಸೋರ್ಸ್ ತೆರೆದು ನೋಡಿ ಕಲಿತವರು ನಾವು. ಆ ಜನ ತಮಗೆ ತಿಳಿದದ್ದನ್ನು ತಮ್ಮೊಳಗೇ ಇಟ್ಟುಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಹೇಳು.

ನಿನ್ನ ದಿನದ ಕೆಲಸಕ್ಕೇ ಸೇರಿದ ಇನ್ನೊಂದು ಸಂಗತಿ ಕೇಳು. ಜೆಲ್ಡ್‌ಮನ್ ಮತ್ತು ಎರಿಕ್ ಮೇಯರ್ ಸೇರಿ 2005ರಲ್ಲಿ ‘ಆನ್ ಈವೆಂಟ್ ಅಪಾರ್ಟ್’ ಅನ್ನುವ ಕಾನ್ಫರೆನ್ಸ್ ಶುರು ಮಾಡಿದರು. 2010ರ ಏಪ್ರಿಲ್‌ನಲ್ಲಿ ಅದು ಸಿಯಾಟಲ್‌ನಲ್ಲಿ ನಡೆದಾಗ ಈಥನ್ ಮಾರ್ಕಾಟ್ ಒಂದು ಟಾಕ್ ಕೊಟ್ಟರು. ಆಗ ಐಫೋನ್ ಬಂದು ಮೂರು ವರ್ಷವಾಗಿತ್ತು. ಎಲ್ಲರೂ ಮೊಬೈಲಿಗೊಂದು ಸೈಟು, ಕಂಪ್ಯೂಟರಿಗೊಂದು ಸೈಟು ಅಂತ ಎರಡೆರಡು ಕಟ್ಟಿ ಸುಸ್ತಾಗುತ್ತಿದ್ದ ಕಾಲ. ಒಂದೇ ಪುಟ ಪರದೆಗೆ ತಕ್ಕಂತೆ ಹೊಂದಿಕೊಳ್ಳಲಿ ಅನ್ನುವುದು ಅವರ ವಾದ. ಮೇ 25ರಂದು ಅದೇ ವಿಚಾರ ಎ ಲಿಸ್ಟ್ ಅಪಾರ್ಟ್‌ನಲ್ಲಿ ಲೇಖನವಾಗಿ ಬಂತು: ಹಿಗ್ಗಿ ಕುಗ್ಗುವ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ, ಮೀಡಿಯಾ ಕ್ವೆರಿ. ನೀನು ಇವತ್ತು ರೆಸ್ಪಾನ್ಸಿವ್ ಅನ್ನುತ್ತೀಯಲ್ಲ, ಆ ಹೆಸರು ಕಸುಬಿಗೆ ಬಂದದ್ದು ಅಲ್ಲಿಂದ. ಟಾಕ್ ಕೇಳಿದವರು ಆ ಹಾಲಿನಲ್ಲಿ ಹಿಡಿಸುವಷ್ಟು ಜನ. ಬರೆದದ್ದರಿಂದ ಅದು ಜಯನಗರದ ಬಾಡಿಗೆ ರೂಮಿನಲ್ಲಿ ಕೂತ ಹುಡುಗರಿಗೂ ಸಿಕ್ಕಿತು. ಅಮೆರಿಕಕ್ಕೆ ಹೋಗಿ ಟಿಕೆಟ್ ಕೊಂಡು ಕೂರುವ ಯೋಗ್ಯತೆ ನಮ್ಮಲ್ಲಿ ಯಾರ ಜೇಬಿಗೂ ಇರಲಿಲ್ಲ.

ಎಲ್ಲ ಭಾಷಣಕಾರರೂ ಹಾಗೆ ಕೂತು ಲೇಖನ ಬರೆಯುವುದಿಲ್ಲ. ಆಗ ಬೇಕಾಗುವುದು ಕೇಳುಗರ ಸಾಲಿನಲ್ಲಿ ಕೂತು ಬರೆಯುವವರು. ಜೆರೆಮಿ ಕೀತ್ ಹೆಸರು ನೀನು ಕೇಳಿರಬೇಕು. ಐರ್ಲೆಂಡಿನವರು, ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನೆಲೆಸಿ ‘ಕ್ಲಿಯರ್‌ಲೆಫ್ಟ್’ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ‘ಅಡಾಕ್ಟಿಯೋ’ ಅನ್ನುವ ಅವರ ಸೈಟಿನಲ್ಲಿ 2001ರ ಸೆಪ್ಟೆಂಬರ್‌ನಿಂದ ಬರಹ ನಡೆದುಕೊಂಡು ಬಂದಿದೆ. 2019ರಲ್ಲಿ ಸಿಯಾಟಲ್‌ನ ಆನ್ ಈವೆಂಟ್ ಅಪಾರ್ಟ್‌ಗೆ ಹೋದಾಗ ಅವರು ಟಾಕ್ ನಡೆಯುತ್ತಿದ್ದಂತೆಯೇ ಒಂದೊಂದನ್ನೂ ಬರೆದು ಹಾಕಿದರು. ಸ್ವತಃ ವೇದಿಕೆ ಹತ್ತುವ ಮನುಷ್ಯ, ಬೇರೆಯವರು ಮಾತಾಡುವಾಗ ಗುಮಾಸ್ತನ ಹಾಗೆ ಕೂತು ಬರೆದರು. ಶೀರ್ಷಿಕೆಯ ಶಿಸ್ತು ನೋಡು: ಮೊದಲು ಟಾಕಿನ ಹೆಸರು, ಆಮೇಲೆ ಭಾಷಣಕಾರರ ಹೆಸರು. ತಮ್ಮ ಹೆಸರು ಎಲ್ಲೂ ಮುಂದಕ್ಕೆ ಬರುವುದಿಲ್ಲ. ‘ಮೊಬೈಲ್ ಫಸ್ಟ್’ ಅಂತ 2009ರಲ್ಲೇ ಬರೆದ ಲ್ಯೂಕ್ ರೊಬ್ಲೆವ್‌ಸ್ಕಿಯವರ ಕ್ರಮ ಇನ್ನೊಂದು ಬಗೆ. ಅವರದು ಚುಕ್ಕಿ ಹಾಕಿ ಬರೆದ ಚಿಕ್ಕ ಚಿಕ್ಕ ಸಾಲು, ಒಂದು ಸಾಲಿಗೆ ಒಂದು ವಿಷಯ. ಕೀತ್ ಅವರದು ಓದಿಸಿಕೊಂಡು ಹೋಗುವ ಗದ್ಯ. ಎರಡನ್ನೂ ಓದು, ನಿನ್ನ ಕೈಗೆ ಯಾವುದು ಒಗ್ಗುತ್ತದೋ ಅದನ್ನು ಹಿಡಿ.

ಈಗ ಜಾಗದ ವಿಚಾರ. ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಸಾಲದಾ ಅಂತ ನೀನು ಕೇಳುವುದು ನನಗೆ ಗೊತ್ತು. ಸಾಲದು ಕಣಮ್ಮ. ಜಿಯೋಸಿಟೀಸ್‌ನಲ್ಲಿ ಲಕ್ಷಗಟ್ಟಲೆ ಜನ ಪುಟ ಕಟ್ಟಿಕೊಂಡಿದ್ದರು, 2009ರಲ್ಲಿ ಯಾಹೂ ಅದಕ್ಕೆ ಬೀಗ ಹಾಕಿತು. ಆರ್ಕುಟ್‌ನಲ್ಲಿ ನಮ್ಮ ಕನ್ನಡದ ಹುಡುಗರು ಎಷ್ಟೆಲ್ಲ ಚರ್ಚೆ ಮಾಡಿದ್ದರು, 2014ರ ಸೆಪ್ಟೆಂಬರ್ 30ಕ್ಕೆ ಅದೂ ಮುಗಿಯಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅಲ್ಲೆಲ್ಲ ಬರೆದವರ ತಪ್ಪೇನೂ ಇಲ್ಲ, ಕಂಪನಿಯ ಲೆಕ್ಕಾಚಾರ ಬದಲಾಯಿತು ಅಷ್ಟೇ. ಆದ್ದರಿಂದ ನಿನ್ನ ಹೆಸರಿನಲ್ಲೇ ಒಂದು ಡೊಮೇನ್ ತಗೋ. ಸಾಧಾರಣ ಡೊಮೇನ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಬೀಳುತ್ತದೆ. ವರ್ಡ್‌ಪ್ರೆಸ್ ಹಾಕಿಕೊಳ್ಳುತ್ತೀಯೋ, ಬರೀ ಎಚ್‌ಟಿಎಂಎಲ್ ಕಡತ ಇಡುತ್ತೀಯೋ, ಅದು ನಿನ್ನಿಷ್ಟ. ಮೊದಲು ನಿನ್ನ ಸೈಟಿನಲ್ಲಿ ಹಾಕು, ಆಮೇಲೆ ಅದರ ಕೊಂಡಿಯನ್ನು ಜನ ಇರುವ ಕಡೆ ಹಂಚು. ಇಂಡೀವೆಬ್ ಬಳಗದವರು ಮೊದಲಿಂದ ಹೇಳಿಕೊಂಡು ಬಂದದ್ದು ಇದನ್ನೇ. ಹೊಸ ಬರಹ ಓದುಗರಿಗೆ ತಾನಾಗಿ ತಲುಪಲು ಆರ್‌ಎಸ್‌ಎಸ್ ಫೀಡ್ ಒಂದನ್ನು ಮರೆಯದೆ ಇಡು. 2013ರಲ್ಲಿ ಗೂಗಲ್ ರೀಡರ್ ನಿಂತ ಮೇಲೆ ಫೀಡ್ ಸತ್ತಿತು ಅಂದರು, ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ವಿಳಾಸವನ್ನು ಯೋಚಿಸಿ ಇಡು, ಇಟ್ಟ ಮೇಲೆ ಬದಲಾಯಿಸಬೇಡ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಪುಟದ ವಿಳಾಸ ಬದಲಾಗಬಾರದು ಅಂತ ಒಂದು ಟಿಪ್ಪಣಿ ಬರೆದರು. ಹೊಸ ಡಿಸೈನ್ ಮಾಡುವ ಹುಮ್ಮಸ್ಸಿನಲ್ಲಿ ಹಳೆಯ ಕೊಂಡಿಗಳನ್ನೆಲ್ಲ ಮುರಿಯುವ ಚಾಳಿ ನಮ್ಮ ಕಸುಬಿನವರಿಗೇ ಜಾಸ್ತಿ. ಇಸವಿ, ತಿಂಗಳು, ಚಿಕ್ಕದೊಂದು ಹೆಸರು, ಇಷ್ಟಿದ್ದರೆ ವಿಳಾಸಕ್ಕೆ ಸಾಕು. ಬರಹದ ಮೇಲೆ ತಾರೀಕು ಇರಲೇಬೇಕು. ಸಿಎಸ್‌ಎಸ್ ವಿಚಾರದಲ್ಲಿ ಮೂರು ವರ್ಷದ ಹಿಂದಿನ ಸಲಹೆ ಇವತ್ತಿಗೆ ತಪ್ಪಾಗಿರಬಹುದು. ತಾರೀಕಿಲ್ಲದ ಬರಹ ಓದುಗರನ್ನು ದಾರಿ ತಪ್ಪಿಸುತ್ತದೆ.

ಏನು ಬರೆಯಲಿ ಅಂದರೆ, ದೊಡ್ಡ ಪ್ರಬಂಧಕ್ಕೆ ಕಾಯಬೇಡ. ಈ ವಾರ ಒಂದು ಫಾರ್ಮ್ ಕಟ್ಟುವಾಗ ಸಫಾರಿಯಲ್ಲಿ ಏನೋ ಕೈಕೊಟ್ಟಿತು, ಅರ್ಧ ದಿನ ತಿಣುಕಿ ಸರಿಮಾಡಿದೆ ಅನ್ನೋಣ. ಏನಾಗಿತ್ತು, ಯಾಕಾಗಿತ್ತು, ಹೇಗೆ ಸರಿಹೋಯಿತು ಅಂತ ಮೂರು ಪ್ಯಾರಾ ಬರೆ. ಆರು ತಿಂಗಳ ನಂತರ ಅದೇ ತೊಂದರೆ ಬಂದು ಗೂಗಲ್ ಮಾಡಿದಾಗ ನಿನ್ನದೇ ಬರಹ ನಿನಗೆ ಸಿಗುತ್ತದೆ. ನಾನು ಜೂನಿಯರ್, ನನ್ನ ಮಾತು ಯಾರು ಕೇಳುತ್ತಾರೆ ಅನ್ನುವ ಅಳುಕು ಬೇಡ. ಹತ್ತು ವರ್ಷ ಮಾಡಿದವರಿಗೆ ಎಲ್ಲಿ ಎಡವುತ್ತಾರೆ ಅನ್ನುವುದೇ ಮರೆತುಹೋಗಿರುತ್ತದೆ. ನಿನ್ನೆ ಕಲಿತವಳು ಬರೆದದ್ದೇ ಇವತ್ತು ಕಲಿಯುವವಳಿಗೆ ಚೆನ್ನಾಗಿ ಹಿಡಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಬೇಡ, ಅಷ್ಟೇ.

ಕಾನ್ಫರೆನ್ಸಿನ ದಿನಕ್ಕೆ ಬರೋಣ. ಮೊದಲು ಒಂದು ಲೆಕ್ಕ ತಲೆಯಲ್ಲಿಟ್ಟುಕೋ. ಇಂಗ್ಲಿಷಿನಲ್ಲಿ ಮಾತಾಡುವವರು ನಿಮಿಷಕ್ಕೆ ಸುಮಾರು 140 ಪದ ಆಡುತ್ತಾರೆ. 45 ನಿಮಿಷದ ಟಾಕ್ ಅಂದರೆ 6,000 ಪದದ ಮೇಲಾಯಿತು. ನಿಮಿಷಕ್ಕೆ 40 ಪದ ಟೈಪ್ ಮಾಡುವವಳು ಉಸಿರು ಬಿಡದೆ ಕುಟ್ಟಿದರೂ 1,800 ದಾಟುವುದಿಲ್ಲ, ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ಅಂದಮೇಲೆ ಎಲ್ಲವನ್ನೂ ಬರೆದುಕೊಳ್ಳುತ್ತೇನೆ ಅನ್ನುವುದು ಆಗದ ಮಾತು. ಯಾವುದನ್ನು ಬಿಡಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತಿರಬೇಕು. ಜೋಕು ಬಿಡು, ಕಂಪನಿ ಪರಿಚಯ ಬಿಡು. ವಾದ, ಅದಕ್ಕೆ ಕೊಟ್ಟ ಉದಾಹರಣೆ, ಅಂಕಿ, ತಾವೇ ಒಪ್ಪಿಕೊಂಡ ಮಿತಿ, ಇವನ್ನು ಹಿಡಿ. ಈಗ ಯಂತ್ರವೇ ಪೂರ್ತಿ ಮಾತನ್ನು ಅಕ್ಷರಕ್ಕಿಳಿಸಿ ಕೊಡುತ್ತದಲ್ಲ ಅನ್ನಬಹುದು. ಕೊಡಲಿ. ಅದು ಬಿಡುವ ಕೆಲಸ ಮಾಡುವುದಿಲ್ಲ. ವಿಡಿಯೋ ಬಂದರೂ ಅಷ್ಟೇ, ಮುಕ್ಕಾಲು ಗಂಟೆ ನೋಡಲು ಪುರುಸೊತ್ತಿಲ್ಲದವರು ನಿನ್ನ ಬರಹವನ್ನು ಐದು ನಿಮಿಷದಲ್ಲಿ ಓದಿ, ಇದನ್ನು ಪೂರ್ತಿ ನೋಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ.

ಹಿಂದಿನ ರಾತ್ರಿಯೇ ಅರ್ಧ ಕೆಲಸ ಮುಗಿಸಿಡು. ಕಾರ್ಯಕ್ರಮದ ಪಟ್ಟಿ ನೋಡಿ ಪ್ರತಿ ಟಾಕಿಗೂ ಒಂದು ಖಾಲಿ ಕಡತ ಮಾಡು. ಶೀರ್ಷಿಕೆ, ಭಾಷಣಕಾರರ ಹೆಸರು, ಅವರ ಸೈಟಿನ ಕೊಂಡಿ ತುಂಬಿಸು. ಹೆಸರಿನ ಸ್ಪೆಲಿಂಗನ್ನು ಅವರ ಸ್ವಂತ ಸೈಟಿನಲ್ಲೇ ನೋಡಿ ಬರೆ. ಬೆಳಿಗ್ಗೆ ಬೇಗ ಹೋಗಿ ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿ ಹಿಡಿ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಜೊತೆಗಿರಲಿ, ಪಕ್ಕದವರ ಸ್ನೇಹವೂ ಆಗುತ್ತದೆ. ಹಾಲಿನ ವೈಫೈಯನ್ನು ನಂಬಬೇಡ, ಎಲ್ಲರೂ ಒಟ್ಟಿಗೆ ಕನೆಕ್ಟ್ ಆದ ಕೂಡಲೇ ಅದು ಮಲಗುತ್ತದೆ. ಬ್ರೌಸರಿನ ಪೆಟ್ಟಿಗೆಯಲ್ಲಿ ನೇರವಾಗಿ ಬರೆಯದೆ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಬರೆದು ಉಳಿಸುತ್ತಿರು, ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕಾಫಿ ಬಿಡುವಿನಲ್ಲಿ ಏರಿಸು. ಏರಿಸುವ ಮುಂಚೆ ಒಂದು ಸಲ ಓದಿಬಿಡು, ಹತ್ತು ನಿಮಿಷ ತಡವಾದರೆ ಏನೂ ಮುಳುಗಿಹೋಗುವುದಿಲ್ಲ. ಕೀಬೋರ್ಡಿನ ಸದ್ದು ಅಕ್ಕಪಕ್ಕದವರಿಗೆ ಕಿರಿಕಿರಿ ಆಗದ ಹಾಗೆ ನೋಡಿಕೋ.

ಒಂದು ಮಾದರಿ ತೋರಿಸುತ್ತೇನೆ. ಓದಲು ಸುಲಭವಾಗುವ ಅಕ್ಷರವಿನ್ಯಾಸದ ಬಗ್ಗೆ ಟಾಕ್ ಅಂತಿಟ್ಟುಕೋ. ‘ಅದ್ಭುತ ಟಾಕ್, ಟೈಪೋಗ್ರಫಿ ಬಗ್ಗೆ ತುಂಬಾ ಕಲಿತೆ’ ಅಂತ ಬರೆದರೆ ಓದಿದವರಿಗೆ ಏನು ಸಿಕ್ಕಿತು? ಅದರ ಬದಲು ಹೀಗೆ ಬರೆ: ‘ಪಠ್ಯದ ಸಾಲಿನ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬಿಗಿಯಬೇಡಿ ಎಂದರು. ಕಣ್ಣು ಮಂದವಾದವರು ಅಕ್ಷರ ದೊಡ್ಡದು ಮಾಡಿಕೊಂಡಾಗ ಸಾಲಿನ ಮೇಲೆ ಸಾಲು ಬೀಳುತ್ತದೆ. ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗೆ ಏರಿಸಿದರೂ ಪುಟ ಕೆಡಬಾರದು, ವೆಬ್ ಎಲ್ಲರಿಗೂ ಎಟುಕುವಂತಿರಲು ಮಾಡಿದ ಮಾರ್ಗಸೂಚಿ, 2018ರ ಡಬ್ಲ್ಯುಸಿಎಜಿ 2.1, ಹೇಳುವುದೂ ಅದನ್ನೇ ಎಂದರು.’ ಅದರ ಕೆಳಗೆ ಚೌಕ ಆವರಣ ಹಾಕಿ ನಿನ್ನ ಮಾತು ಸೇರಿಸು: ‘[ತೋರಿಸಿದ್ದೆಲ್ಲ ಇಂಗ್ಲಿಷ್ ಪಠ್ಯ. ಕನ್ನಡದಲ್ಲಿ ರಾಷ್ಟ್ರ, ಸ್ತ್ರೀ, ಲಕ್ಷ್ಮಿ ಥರದ ಪದಗಳ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಬಟನ್‌ಗೆ ಎತ್ತರ ಗೊತ್ತುಮಾಡಿ, ಮಿಕ್ಕದ್ದನ್ನು ಅಡಗಿಸಿದರೆ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ.]’ ಈ ಎರಡನೇ ಭಾಗವನ್ನು ಆ ಹಾಲಿನಲ್ಲಿ ನಿನ್ನಂಥವಳು ಮಾತ್ರ ಬರೆಯಬಲ್ಲಳು. ಅದಕ್ಕಾಗಿಯೇ ನಿನ್ನ ಬ್ಲಾಗನ್ನು ಜನ ಹುಡುಕಿಕೊಂಡು ಬರುವುದು.

ಅವರ ಮಾತು ಯಾವುದು, ನಿನ್ನದು ಯಾವುದು ಅನ್ನುವ ಗೆರೆ ಎಂದೂ ಅಳಿಸಬಾರದು. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೀನು ನೋಡಿದ್ದೀಯ. ಯಾರು, ಯಾವ ಊರು, ಎಷ್ಟು ಅಂತ ಕೇಳಿ ಕೇಳಿ ಬರೆಯುತ್ತಾರೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರ ಹೆಸರಿಗೆ ಬಿದ್ದರೆ ಹತ್ತು ವರ್ಷ ಆದಮೇಲೂ ಮನಸ್ತಾಪ ಉಳಿಯುತ್ತದೆ. ಲೈವ್‌ಬ್ಲಾಗ್ ಮಾಡುವವಳ ಕೆಲಸ ಅದೇ ಜಾತಿಯದು. ಭಾಷಣಕಾರರು ಬೇರೆಯವರ ವಿಚಾರ ಹೇಳಿ ಅವರ ಹೆಸರು ಹೇಳಿದರೆ ಅದನ್ನೂ ಬರೆ. ಉದ್ಧರಣ ಚಿಹ್ನೆಯನ್ನು ಅಕ್ಷರಶಃ ಅದೇ ಮಾತು ಅಂತ ಖಾತ್ರಿ ಇದ್ದಾಗ ಮಾತ್ರ ಹಾಕು, ಇಲ್ಲದಿದ್ದರೆ ‘ಎಂದರು’ ಅಂತ ನಿನ್ನ ವಾಕ್ಯದಲ್ಲೇ ಹೇಳು. ಅಂಕಿ ಸರಿಯಾಗಿ ಕೇಳಿಸದಿದ್ದರೆ ಅಂದಾಜು ಬರೆಯಬೇಡ, ಜಾಗ ಖಾಲಿ ಬಿಟ್ಟು ಊಟದ ಹೊತ್ತಿಗೆ ಅವರನ್ನೇ ಕೇಳು. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಆ ನೆಪದಲ್ಲಿ ಮಾತಾಡುವುದಕ್ಕೂ ಒಂದು ದಾರಿಯಾಯಿತು.

ಎಲ್ಲವನ್ನೂ ಹೊರಗೆ ಹಾಕುವ ಹಕ್ಕು ನಮಗಿಲ್ಲ ಅನ್ನುವುದೂ ನೆನಪಿರಲಿ. ಆಯೋಜಕರನ್ನು ಮೊದಲೇ ಒಂದು ಮಾತು ಕೇಳು. ಇದು ಹಾಲಿನಿಂದ ಆಚೆ ಹೋಗಬಾರದು ಅಂತ ವೇದಿಕೆಯಿಂದ ಹೇಳಿದರೆ ಅಲ್ಲಿಗೆ ಕೈ ನಿಲ್ಲಿಸು. ಕೆಲವು ಗೋಷ್ಠಿಗಳು ಚಾಥಮ್ ಹೌಸ್ ನಿಯಮದಲ್ಲಿ ನಡೆಯುತ್ತವೆ. ಲಂಡನ್ನಿನ ಆ ಸಂಸ್ಥೆ 1927ರಲ್ಲಿ ಮಾಡಿಕೊಂಡ ಕಟ್ಟಳೆ ಅದು. ಕೇಳಿದ ವಿಚಾರ ಬಳಸಬಹುದು, ಹೇಳಿದವರು ಯಾರು ಅಂತ ಹೇಳುವ ಹಾಗಿಲ್ಲ. ಪ್ರಶ್ನೋತ್ತರದಲ್ಲಿ ಯಾರೋ ಒಬ್ಬ ಹುಡುಗ ತನ್ನ ಕಂಪನಿಯ ಗೋಳು ಹೇಳಿಕೊಂಡರೆ ಅವನ ಹೆಸರು, ಫೋಟೋ ಬೇಡ. ನಿನ್ನ ಆಫೀಸಿನ, ಕ್ಲೈಂಟಿನ ಒಳಗಿನ ಸಂಗತಿಯೂ ಬೇಡ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದವನ್ನು ಒಮ್ಮೆ ತೆಗೆದು ಓದು. ಸ್ಲೈಡಿನ ಫೋಟೋ ಹಾಕಿದರೆ ಅದರಲ್ಲೇನಿದೆ ಅಂತ ಅಕ್ಷರದಲ್ಲೂ ಬರೆ. ಬರೀ ಚಿತ್ರವಾದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಖಾಲಿ ಜಾಗ. ಕಿವಿ ಕೇಳಿಸದವರಿಗೆ, ಐರಿಷ್ ಅಥವಾ ಅಮೆರಿಕನ್ ಉಚ್ಚಾರ ಹಿಡಿಯಲಾಗದ ನಮ್ಮ ಕಡೆಯ ಮಕ್ಕಳಿಗೆ, ನಿನ್ನ ಬರಹವೇ ಆ ಟಾಕ್ ಆಗುತ್ತದೆ ಅನ್ನುವುದು ನೆನಪಿನಲ್ಲಿರಲಿ.

ಕಾನ್ಫರೆನ್ಸ್ ಮುಗಿದ ಮೇಲೆ ಒಂದು ವಾರದೊಳಗೆ ಮತ್ತೆ ಕೂತು ನೋಡು. ಸ್ಲೈಡು, ವಿಡಿಯೋ ಹೊರಬಂದಿದ್ದರೆ ಕೊಂಡಿ ಸೇರಿಸು. ಯಾರಾದರೂ ತಪ್ಪು ತೋರಿಸಿದರೆ ತಿದ್ದು, ತಿದ್ದಿದ್ದೇನೆ ಅಂತ ತಾರೀಕು ಸಹಿತ ಕೆಳಗೆ ಹಾಕು, ಕದ್ದುಮುಚ್ಚಿ ಬದಲಾಯಿಸಬೇಡ. ಆಮೇಲೆ ಇನ್ನೊಂದು ಬರಹ ಬರೆ: ಎರಡು ದಿನದಲ್ಲಿ ಕೇಳಿದ್ದರಲ್ಲಿ ನಿನ್ನ ಕೆಲಸಕ್ಕೆ ಯಾವುದು ಬಂತು, ಯಾವುದನ್ನು ನೀನು ಒಪ್ಪುವುದಿಲ್ಲ. ಹಾಲಿನಲ್ಲಿ ಬರೆದಿಟ್ಟುಕೊಂಡವಳು ಮಾತ್ರ ಅದನ್ನು ಬರೆಯಬಲ್ಲಳು. ನಿನ್ನ ಸ್ವಂತ ವಿಚಾರ ಮೊಳೆಯುವುದೂ ಅಲ್ಲೇ.

ಕನ್ನಡದಲ್ಲೂ ಬರೆ ಅಂತ ಹೇಳದೆ ಇರಲಾರೆ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಜಾಲಪತ್ರಿಕೆ ತಂದಿದ್ದರು. ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’ 2007ರಿಂದ ವಿಜ್ಞಾನ, ತಂತ್ರಜ್ಞಾನವನ್ನು ಕನ್ನಡದಲ್ಲಿ ಹೇಳುತ್ತಿದೆ. ಆದರೆ ಕನ್ನಡದ ಪುಟವನ್ನು ಹೇಗೆ ಕಟ್ಟಬೇಕು ಅಂತ ಕನ್ನಡದಲ್ಲಿ ಬರೆದದ್ದು ಕಡಿಮೆ. ಯಾವ ಫಾಂಟಿನಲ್ಲಿ ಒತ್ತು ಚೆನ್ನಾಗಿ ಕೂರುತ್ತದೆ, ಅಗ್ಗದ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ, ಉದ್ದದ ಕನ್ನಡ ಪದ ಮೆನುವಿನಲ್ಲಿ ಹಿಡಿಸದಿದ್ದರೆ ಏನು ಮಾಡಬೇಕು, ಇವೆಲ್ಲ ನೀನು ದಿನಾ ಎದುರಿಸುವ ಪ್ರಶ್ನೆಗಳೇ. ಬರೆಯುವಾಗ ಯೂನಿಕೋಡ್ ಬಿಟ್ಟು ಬೇರೆಯದಕ್ಕೆ ಹೋಗಬೇಡ. ಹಿಂದೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆಗಿನ ಪುಟ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ.

ಎಷ್ಟು ಜನ ಓದಿದರು ಅಂತ ದಿನಾ ಎಣಿಸಬೇಡ. ವಾರಕ್ಕೊಂದು ಅಂತ ಗಡುವು ಹಾಕಿಕೊಂಡು ಅದು ತಪ್ಪಿದಾಗ ಬೇಸರ ಮಾಡಿಕೊಂಡು ಬ್ಲಾಗನ್ನೇ ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡು ತಿಂಗಳು ಬರೆಯಲಾಗದಿದ್ದರೆ ಕ್ಷಮೆ ಕೇಳುವ ಬರಹ ಬೇಡ, ಮುಂದಿನದನ್ನು ಬರೆ, ಸಾಕು.

ಈ ವಾರ ಡೊಮೇನ್ ತಗೋ. ಇತ್ತೀಚೆಗೆ ಕಲಿತ ಯಾವುದಾದರೂ ಒಂದನ್ನು ಬರೆದು ಹಾಕು, ಚಿಕ್ಕದಾದರೂ ಚಿಂತೆಯಿಲ್ಲ. ಕಾನ್ಫರೆನ್ಸಿಗೆ ಹೋಗುವ ಮುಂಚೆ ಯೂಟ್ಯೂಬಿನಲ್ಲಿ ಯಾವುದಾದರೂ ಹಳೆಯ ಟಾಕ್ ಹಾಕಿ, ನಡುವೆ ನಿಲ್ಲಿಸದೆ ಒಂದು ಸಲ ಲೈವ್ ಬರೆದು ನೋಡು. ಎಲ್ಲಿ ಕೈ ಹಿಂದೆ ಬೀಳುತ್ತದೆ ಅಂತ ಮನೆಯಲ್ಲೇ ಗೊತ್ತಾಗಲಿ. ಹಾಕಿದ ಕೂಡಲೇ ನನಗೆ ವಿಳಾಸ ಕಳಿಸು. ಹೊಗಳುವವರು ನಿನಗೆ ಬೇಕಾದಷ್ಟು ಸಿಗುತ್ತಾರೆ, ಕಾಗುಣಿತದ ತಪ್ಪು ಹುಡುಕುವ ಕೆಲಸ ನನಗಿರಲಿ.